ಅವತಾರ, ವೇಷ, ವೀರಗಲ್ಲು: ಅಂತರ್ಜಾಲದ ಪ್ರತಿರೂಪಗಳ ಒಂದು ಜಾನಪದೀಯ ವಿಮರ್ಶೆ

1. ಪದದ ಪಯಣ

'ಅವತಾರ' ಎಂಬ ಪದ ಕನ್ನಡದಲ್ಲಿ ಬಹುಕಾಲದಿಂದ ಎರಡು ನೆಲೆಗಳಲ್ಲಿ ಬಾಳಿಕೊಂಡು ಬಂದಿದೆ. ಒಂದು ಪುರಾಣದ ನೆಲೆ. ಕೆಳಗಿಳಿದು ಬರುವುದು ಎಂಬ ಧಾತ್ವರ್ಥವುಳ್ಳ ಈ ಸಂಸ್ಕೃತ ಪದ ದೇವರು ಮರ್ತ್ಯದ ದೇಹ ತಾಳುವುದನ್ನು ಹೇಳುತ್ತದೆ. ಇನ್ನೊಂದು ಮನೆಯಂಗಳದ ನೆಲೆ. ಮೈಯೆಲ್ಲ ಕೆಸರು ಮೆತ್ತಿಕೊಂಡು ಬಂದ ಮಗುವನ್ನು ಕಂಡ ತಾಯಿ 'ಏನೋ ಇದು ನಿನ್ನ ಅವತಾರ?' ಎಂದು ಗದರುತ್ತಾಳೆ. ಇಲ್ಲಿ ಅವತಾರವೆಂದರೆ ದೈವೀ ರೂಪವಲ್ಲ. ಇರಬೇಕಾದ ರೂಪಕ್ಕೂ ಕಣ್ಣೆದುರಿಗಿರುವ ರೂಪಕ್ಕೂ ನಡುವೆ ಬಿದ್ದ ಅಂತರ. ಮನುಷ್ಯನ ವಾಸ್ತವ ರೂಪ ಮತ್ತು ಆದರ್ಶ ರೂಪಗಳ ಸಂಬಂಧವನ್ನು ಕುರಿತು ಮನಶ್ಶಾಸ್ತ್ರ ಎತ್ತಿರುವ ಪ್ರಶ್ನೆ ಕನ್ನಡದ ಆಡುಮಾತಿನ ಈ ಒಂದು ಗದರಿಕೆಯಲ್ಲಿಯೇ ಅಡಕವಾಗಿದೆ ಎನ್ನಬಹುದು.

ಈ ಪದಕ್ಕೆ ಮೂರನೆಯ ನೆಲೆಯೊಂದು ದೊರೆತದ್ದು 1980ರ ದಶಕದ ನಡುವಿನಲ್ಲಿ. 1985ರ 'ಅಲ್ಟಿಮಾ 4' ಎಂಬ ಗಣಕ ಆಟದಲ್ಲಿ ಆಟಗಾರ ಸದ್ಗುಣಗಳನ್ನು ಸಾಧಿಸಿ 'ಅವತಾರ'ನಾಗಬೇಕಿತ್ತು. ಅದೇ ಸುಮಾರಿನಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ರೂಪಿಸಿದ 'ಹ್ಯಾಬಿಟಾಟ್' ಎಂಬ ಜಾಲಲೋಕದಲ್ಲಿ ಪರದೆಯ ಮೇಲೆ ಬಳಕೆದಾರನ ಪರವಾಗಿ ಓಡಾಡುವ ಗೊಂಬೆಗೆ ಇದೇ ಹೆಸರನ್ನು ಇಡಲಾಯಿತು. ನೀಲ್ ಸ್ಟೀಫನ್‌ಸನ್ನನ 'ಸ್ನೋ ಕ್ರ್ಯಾಶ್' ಕಾದಂಬರಿ (1992) ಅದನ್ನು ಜನಪ್ರಿಯಗೊಳಿಸಿತು. ಹೀಗೆ ಸಮುದ್ರ ದಾಟಿಹೋದ ಪದ ಹೊಸ ಅರ್ಥ ಹೊತ್ತು ಕನ್ನಡಕ್ಕೆ ಮರಳಿತು. ಈ ಪಯಣದಲ್ಲಿ ಪದದ ದಿಕ್ಕೇ ಬದಲಾಗಿರುವುದನ್ನು ಗಮನಿಸಬೇಕು. ಪುರಾಣದ ಅವತಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪರದೆಯ ಅವತಾರದಲ್ಲಿ ಕೆಳಗಿರುವ ಮನುಷ್ಯ ತನಗಿಂತ ಎತ್ತರವಾದ, ಬೆಳ್ಳಗಾದ, ಧೀರವಾದ ರೂಪವೊಂದಕ್ಕೆ ಏರಲು ಹವಣಿಸುತ್ತಾನೆ.

ಈ ಏರಿಕೆಯನ್ನು 'ಸುಳ್ಳು' ಎಂದು ತಳ್ಳಿಹಾಕುವುದು ಇಂದಿನ ಸಾಮಾನ್ಯ ತೀರ್ಪು. ವೇಷ, ಬಣ್ಣ, ಆವೇಶಗಳ ದೀರ್ಘ ಪರಂಪರೆಯುಳ್ಳ ಕರ್ನಾಟಕದಲ್ಲಿ ಈ ತೀರ್ಪು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಉತ್ತರ ಬೆಂಗಳೂರಿನ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಹೆಬ್ಬಾಳದ ಕಲ್ಲು

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗ ಅರಸ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಈ ಕಲ್ಲು ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ. ಬೆಂಗಳೂರು ನಗರ ವ್ಯಾಪ್ತಿಯಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದು ಅತ್ಯಂತ ಹಳೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಪೆರ್ಬೊಳಲು ಎಂಬ ಶಾಸನದ ಹೆಸರು ಪಕಾರ ಹಕಾರವಾಗುವ ನಿಯಮದಂತೆ ಇಂದಿನ ಹೆಬ್ಬಾಳವಾಗಿದೆ.

ವೀರಗಲ್ಲನ್ನು ಇತಿಹಾಸಕಾರರು ದಾಖಲೆಯೆಂದು ಓದುತ್ತಾರೆ. ಜಾನಪದದ ದೃಷ್ಟಿಯಿಂದ ಅದು ಪ್ರತಿರೂಪವೂ ಹೌದು. ನಂತರದ ಶತಮಾನಗಳಲ್ಲಿ ರೂಢವಾದ ಮೂರು ಹಂತಗಳ ವೀರಗಲ್ಲುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿ. ಸತ್ತವನ ಗಾಯ, ಭಯ, ಸಾಲ, ಜಗಳಗಳು ಕಲ್ಲಿನಲ್ಲಿಲ್ಲ. ಒಬ್ಬ ಮನುಷ್ಯನ ಬದುಕಿನಿಂದ ಊರು ಯಾವುದನ್ನು ಉಳಿಸಿಕೊಳ್ಳಬಯಸಿತೋ ಅದಷ್ಟೇ ಅಲ್ಲಿದೆ. ಈ ಅರ್ಥದಲ್ಲಿ ವೀರಗಲ್ಲು ಆದರ್ಶೀಕರಿಸಿದ ರೂಪವೇ ಸರಿ. ಆದರೂ ಅದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ. ಏಕೆಂದರೆ ಅಲ್ಲಿ ಕೃತ್ಯ ಮೊದಲು, ರೂಪ ಆಮೇಲೆ. ಮೇಲಾಗಿ ಆ ರೂಪವನ್ನು ಕೆತ್ತಿಸಿದವನು ವೀರನಲ್ಲ, ಅವನನ್ನು ಕಂಡ ಜನ.

ಅಂತರ್ಜಾಲದ ಅವತಾರ ಈ ಎರಡು ಕ್ರಮಗಳನ್ನೂ ತಿರುವುಮುರುವು ಮಾಡಿದೆ. ಇಲ್ಲಿ ರೂಪ ಮೊದಲು ಬರುತ್ತದೆ; ಕೃತ್ಯ ಬಂದರೆ ಆಮೇಲೆ. ರೂಪವನ್ನು ಕೆತ್ತುವವನೂ ಅದನ್ನು ತೊಡುವವನೂ ಒಬ್ಬನೇ. ಸಾಕ್ಷಿಯ ಸ್ಥಾನದಲ್ಲಿ ಊರಿನ ಬದಲು ಅಪರಿಚಿತ ವೀಕ್ಷಕರಿದ್ದಾರೆ. ಅಂತರ್ಜಾಲದ ರೂಪವನ್ನು ಕುರಿತ ಅನುಮಾನಕ್ಕೆ ಮೂಲಕಾರಣ ಅದು ಸುಂದರವಾಗಿರುವುದಲ್ಲ, ಅದಕ್ಕೆ ಸಾಕ್ಷಿಯಿಲ್ಲದಿರುವುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಕಿತ್ತಯ್ಯನ ಕಲ್ಲೂ ಸೇರಿದಂತೆ ನಗರದ ಶಾಸನಗಳನ್ನು ಮೂರು ಆಯಾಮದ ಗಣಕ ಪ್ರತಿಗಳನ್ನಾಗಿ ಮಾಡಿದೆ. ಹನ್ನೆರಡು ಶತಮಾನಗಳ ಹಿಂದೆ ಕಲ್ಲಿನ ಅವತಾರ ಪಡೆದವನು ಈಗ ಪರದೆಯ ಅವತಾರವನ್ನೂ ಪಡೆದಿದ್ದಾನೆ. ಎರಡೂ ಬಾರಿ ಅದನ್ನು ಮಾಡಿದವರು ಇತರರೇ.

3. ಚೌಕಿ ಮತ್ತು ರಂಗಸ್ಥಳ

ರೂಪ ಮೊದಲು, ಕೃತ್ಯ ಆಮೇಲೆ ಎಂಬ ಕ್ರಮ ನಮ್ಮ ಪರಂಪರೆಗೆ ಅಪರಿಚಿತವೇನಲ್ಲ. ವೇಷದ ಕಲೆಗಳೆಲ್ಲವೂ ಈ ಕ್ರಮವನ್ನೇ ಅನುಸರಿಸುತ್ತವೆ. ಕರಾವಳಿಯ ಯಕ್ಷಗಾನ ಮೇಳಗಳಿಗೆ 'ದಶಾವತಾರ ಮೇಳ'ಗಳೆಂಬ ಹೆಸರಿರುವುದು ಈ ಸಂದರ್ಭದಲ್ಲಿ ಅರ್ಥಪೂರ್ಣ. ಅಲ್ಲಿ ಕಲಾವಿದ ಚೌಕಿಯಲ್ಲಿ ಕುಳಿತು ಕನ್ನಡಿಯೆದುರು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಆಮೇಲೆ ರಂಗಸ್ಥಳಕ್ಕೆ ಬರುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ದೈನಂದಿನ ಬದುಕಿನ ಸ್ವ-ಪ್ರದರ್ಶನವನ್ನು ಕುರಿತ ತನ್ನ ಗ್ರಂಥದಲ್ಲಿ (1959) ಮುಂರಂಗ, ಹಿಂರಂಗ ಎಂಬ ಭೇದವನ್ನು ಪ್ರತಿಪಾದಿಸಿದ. ಯಕ್ಷಗಾನದ ಪ್ರೇಕ್ಷಕನಿಗೆ ಈ ಭೇದ ಹೊಸದಲ್ಲ. ಆದರೆ ಗಾಫ್‌ಮನ್ನನ ಹಿಂರಂಗ ಮುಖವಾಡ ಕಳಚಿ ದಣಿವಾರಿಸಿಕೊಳ್ಳುವ ಮರೆ. ಯಕ್ಷಗಾನದ ಚೌಕಿ ಗಣಪತಿಯ ಪೂಜೆ ನಡೆಯುವ ತಾಣ. ವೇಷ ತೊಡುವ ಕ್ರಿಯೆಯೇ ಅಲ್ಲಿ ಪವಿತ್ರವಾದುದು. ಅದು ಮುಚ್ಚಿಡಬೇಕಾದ ಗುಟ್ಟಲ್ಲ.

ಆರಾಧನಾ ಕಲೆಗಳಲ್ಲಿ ಇದು ಇನ್ನೂ ಗಾಢವಾಗಿದೆ. ಕಾಸರಗೋಡು ಮತ್ತು ಉತ್ತರ ಕೇರಳದ ತೆಯ್ಯಂ ಆಚರಣೆಯಲ್ಲಿ ತಲೆಗೆ ಮುಡಿಯನ್ನೇರಿಸಿಕೊಂಡ ಮೇಲೆ ಪಾತ್ರಧಾರಿ ಕೈಗನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಅವನು ಕಾಣುವುದು ತನ್ನನ್ನಲ್ಲ, ದೈವವನ್ನು. ಆ ನೋಟದಿಂದಲೇ ಆವೇಶ ಮೊದಲಾಗುತ್ತದೆ. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಲ್ಲಿ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ಕರಗದಲ್ಲಿ ವಹ್ನಿಕುಲ ಕ್ಷತ್ರಿಯ ತಿಗಳ ಸಮುದಾಯದ ಅರ್ಚಕ ಹೆಣ್ಣಿನ ಉಡುಗೆ ತೊಟ್ಟು, ಬಳೆಯಿಟ್ಟು, ಮಲ್ಲಿಗೆಯಿಂದ ಅಲಂಕೃತವಾದ ಕರಗ ಹೊತ್ತು ದ್ರೌಪದಿಯ ರೂಪವಾಗುತ್ತಾನೆ. ಕತ್ತಿ ಹಿಡಿದ ವೀರಕುಮಾರರು ಅವನೊಡನೆ ಸಾಗುತ್ತಾರೆ. ಗಂಡು ಹೆಣ್ಣಾದುದನ್ನು ಅಲ್ಲಿ ಯಾರೂ ಮೋಸವೆನ್ನುವುದಿಲ್ಲ.

ಉತ್ತರ ಕರ್ನಾಟಕದ ಹಗಲುವೇಷಗಾರರ ಕಲೆ ಇದಕ್ಕಿಂತ ಭಿನ್ನ. ಅಲ್ಲಿ ರಂಗಸ್ಥಳವಿಲ್ಲ, ಪರದೆಯಿಲ್ಲ, ರಾತ್ರಿಯ ಮಬ್ಬಿನ ನೆರವೂ ಇಲ್ಲ. ಹಾಡುಹಗಲಲ್ಲಿ, ಮನೆಯ ಬಾಗಿಲಲ್ಲಿ, ಎದುರಿಗಿರುವವರಿಗೆ ಇದು ವೇಷವೆಂದು ಗೊತ್ತಿರುವಾಗಲೇ ರಾಮನೋ ರಾವಣನೋ ಆಗಿ ನಿಲ್ಲಬೇಕು. 'ಹಾಕಿದ ವೇಷಕ್ಕೆ ತಕ್ಕಂತೆ ಕುಣಿಯಬೇಕು' ಎಂಬ ನಾಣ್ಣುಡಿಯ ತಾತ್ಪರ್ಯವೂ ಇದೇ. ವೇಷ ಹಾಕಿದ್ದಕ್ಕಾಗಿ ಅದು ಯಾರನ್ನೂ ಹಳಿಯುವುದಿಲ್ಲ. ಹಾಕಿದ ಮೇಲೆ ಅದರ ಹೊಣೆ ಹೊರಬೇಕೆಂದು ಮಾತ್ರ ಹೇಳುತ್ತದೆ. ತೊಡುವುದಕ್ಕೊಂದು ಕ್ರಮ, ಕಳಚುವುದಕ್ಕೊಂದು ಹೊತ್ತು, ನೋಡುವುದಕ್ಕೊಂದು ಊರು: ಈ ಮೂರೂ ಕೂಡಿದಾಗ ವೇಷ ಸತ್ಯವಾಗುತ್ತದೆ.

4. ಇರುವ ತಾನು, ಆಗಬಯಸುವ ತಾನು

ಮನಶ್ಶಾಸ್ತ್ರಜ್ಞ ಟೋರಿ ಹಿಗಿನ್ಸ್ 1987ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಮನುಷ್ಯನ 'ಸ್ವ'ವನ್ನು ಮೂರಾಗಿ ವಿಂಗಡಿಸಿದ್ದಾನೆ. ಅವುಗಳನ್ನು ಕನ್ನಡದಲ್ಲಿ ಇರುವ ತಾನು, ಆಗಬಯಸುವ ತಾನು, ಆಗಬೇಕಾದ ತಾನು ಎಂದು ಕರೆಯಬಹುದು. ಮೊದಲೆರಡರ ನಡುವಿನ ಅಂತರ ನಿರಾಶೆಯನ್ನೂ, ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಆತಂಕವನ್ನೂ ಹುಟ್ಟಿಸುತ್ತದೆಂಬುದು ಅವನ ವಾದ.

ಅಂತರ್ಜಾಲದ ಅವತಾರ ಇವುಗಳಲ್ಲಿ ಯಾವುದನ್ನು ಬಿಂಬಿಸುತ್ತದೆ ಎಂಬ ಪ್ರಶ್ನೆಗೆ ಸಂಶೋಧಕರು ಕೊಟ್ಟಿರುವ ಉತ್ತರ ಒಂದೇ ಅಲ್ಲ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟಗಾರರನ್ನು ಕುರಿತ 2007ರ ಅಧ್ಯಯನವೊಂದರಲ್ಲಿ ಬೆಸಿಯೆರ್ ಮತ್ತು ಸಂಗಡಿಗರು, ಆಟಗಾರರು ತಮ್ಮ ಪಾತ್ರವನ್ನು ತಮಗಿಂತ ಹೆಚ್ಚಾಗಿ ತಮ್ಮ ಆದರ್ಶಕ್ಕೆ ಹತ್ತಿರವಾಗಿ ರೂಪಿಸುತ್ತಾರೆಂದೂ, ಮನಸ್ಸಿನ ನೆಮ್ಮದಿ ಕಡಿಮೆಯಿರುವವರಲ್ಲಿ ಈ ಪ್ರವೃತ್ತಿ ಹೆಚ್ಚೆಂದೂ ಕಂಡುಕೊಂಡರು. ಇದಕ್ಕೆ ಪ್ರತಿಯಾಗಿ, ಅಮೆರಿಕ ಮತ್ತು ಜರ್ಮನಿಯ ಯುವಕರ ಜಾಲತಾಣ ಪುಟಗಳನ್ನು ಪರಿಶೀಲಿಸಿದ ಬಾಕ್ ಮತ್ತು ಸಂಗಡಿಗರ 2010ರ ಅಧ್ಯಯನ, ಅಂಥ ಪುಟಗಳು ಆದರ್ಶವನ್ನಲ್ಲ, ವಾಸ್ತವ ವ್ಯಕ್ತಿತ್ವವನ್ನೇ ತೋರುತ್ತವೆಂಬ ತೀರ್ಮಾನಕ್ಕೆ ಬಂದಿತು. ನಿಕ್ ಯೀ ಮತ್ತು ಜೆರೆಮಿ ಬೈಲೆನ್‌ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಮತ್ತೂ ಮುಂದೆ ಹೋಗುತ್ತದೆ. ಎತ್ತರದ ಅವತಾರ ದೊರೆತವರು ಚೌಕಾಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತರು. ಚೆಲುವಾದ ಅವತಾರ ದೊರೆತವರು ಎದುರಿನವರ ಹತ್ತಿರಕ್ಕೆ ಹೋದರು. ರೂಪವೇ ನಡತೆಯನ್ನು ತಿದ್ದಿತು.

ಈ ಅಧ್ಯಯನಗಳು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುತ್ತವೆ. ವೇಷದ ಪರಂಪರೆಯ ಹಿನ್ನೆಲೆಯಲ್ಲಿ ಈ ವೈರುಧ್ಯ ಬಹುಮಟ್ಟಿಗೆ ಕರಗುತ್ತದೆ. ಬಾಕ್ ಪರಿಶೀಲಿಸಿದ ಪುಟಗಳಲ್ಲಿ ಗೆಳೆಯರು, ನೆಂಟರು, ಸಹಪಾಠಿಗಳು ನೋಡುತ್ತಿರುತ್ತಾರೆ. ಅಂದರೆ ಅಲ್ಲೊಂದು ಊರಿದೆ. ಊರು ನೋಡುತ್ತಿರುವಾಗ ರೂಪ ವಾಸ್ತವದ ಹತ್ತಿರ ಉಳಿಯುತ್ತದೆ. ಬೆಸಿಯೆರ್ ನೋಡಿದ ಆಟದಲ್ಲಿ ಆಟಗಾರನ ಪೂರ್ವಾಪರ ಬಲ್ಲ ಊರಿಲ್ಲ. ಅಲ್ಲಿ ಬಯಕೆಗೆ ಕಡಿವಾಣವಿಲ್ಲ. ಯೀ ಮತ್ತು ಬೈಲೆನ್‌ಸನ್ ಹೇಳುವುದನ್ನು ತೆಯ್ಯಂನ ಕೈಗನ್ನಡಿ ಬಹಳ ಹಿಂದೆಯೇ ಬಲ್ಲದು. ಹೀಗಾಗಿ ಅವತಾರ ನಿಜವೋ ಸುಳ್ಳೋ ಎಂಬ ಪ್ರಶ್ನೆಗಿಂತ ಯಾರ ಎದುರಿನಲ್ಲಿ, ಎಷ್ಟು ಹೊತ್ತು, ಯಾರ ಅಪ್ಪಣೆಯಿಂದ ತೊಟ್ಟದ್ದು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

5. ಬಾಡಿಗೆ ಮನೆಯ ಅವತಾರ

ಈ ಪ್ರಶ್ನೆಯನ್ನು ಉತ್ತರ ಬೆಂಗಳೂರಿನ ಬದುಕಿಗೆ ಒಡ್ಡಿದರೆ ಪರಂಪರೆಯ ಮಿತಿಯೂ ಗೋಚರಿಸುತ್ತದೆ. ನಾಡಪ್ರಭುಗಳ ಯಲಹಂಕ 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಹೆಬ್ಬಾಳ, ನಾಗವಾರಗಳ ಸುತ್ತ ತಂತ್ರಾಂಶ ಕಚೇರಿಗಳು ಬೆಳೆದವು. ಯಶವಂತಪುರದ ಮಂಡಿ, ಪೀಣ್ಯದ ಕಾರ್ಖಾನೆಗಳು ಅದಕ್ಕೂ ಮೊದಲಿನಿಂದ ದೂರದ ಜಿಲ್ಲೆಗಳ ಜನರನ್ನು ಸೆಳೆದುಕೊಂಡಿದ್ದವು. ಹೀಗೆ ಬಂದವರ ಊರು ಹಿಂದೆ ಉಳಿದಿದೆ. ಹೊಸ ಊರು ಇನ್ನೂ ಕಟ್ಟಿಕೊಂಡಿಲ್ಲ. ರಂಗಸ್ಥಳವಿದ್ದೂ ಪ್ರೇಕ್ಷಕರಿಲ್ಲದ ಈ ಸ್ಥಿತಿಯಲ್ಲಿ ಪರದೆಯೇ ಅಂಗಳವಾಗುವುದು ಸಹಜ.

2000ರ ದಶಕದಲ್ಲಿ ನಗರದ ಕರೆ ಕೇಂದ್ರಗಳಲ್ಲಿ ದುಡಿದ ಯುವಕ ಯುವತಿಯರು ರಾತ್ರಿಪಾಳಿಯಲ್ಲಿ ಪಾಶ್ಚಾತ್ಯ ಹೆಸರುಗಳನ್ನು ಇಟ್ಟುಕೊಂಡು, ಉಚ್ಚಾರಣೆಯನ್ನೂ ಬದಲಿಸಿಕೊಂಡು ಮಾತನಾಡಿದರು. ಅದು ಮುಖವಿಲ್ಲದ, ದನಿಯೊಂದರಿಂದಲೇ ಕಟ್ಟಿದ ಅವತಾರ. ಹಗಲುವೇಷಕ್ಕೆ ಎದುರಾಗಿ ಇದನ್ನು ಇರುಳುವೇಷ ಎನ್ನಬಹುದು. ಇಲ್ಲಿ ತೊಡುವ ಹೊತ್ತೂ ಕಳಚುವ ಹೊತ್ತೂ ನಿಗದಿಯಾಗಿದ್ದವು. ಆದರೆ ಹಗಲುವೇಷದ ನೋಟಕನಿಗೆ ವೇಷವೆಂದು ಗೊತ್ತಿತ್ತು, ಈ ಕೇಳುಗನಿಗೆ ಗೊತ್ತಿರಲಿಲ್ಲ. ಅದು ಆಗಬಯಸುವ ತಾನೂ ಆಗಿರಲಿಲ್ಲ. ಒಡೆಯನ ಅಪ್ಪಣೆಯಂತೆ ಆಗಬೇಕಾದ ತಾನು. ಅದೇ ಯುವಜನ ಬಿಡುವಿನಲ್ಲಿ ಆರ್ಕುಟ್ ಜಾಲತಾಣದಲ್ಲಿ ತಾವೇ ಆರಿಸಿಕೊಂಡ ಚಿತ್ರ, ಹೆಸರುಗಳೊಡನೆ ಕಾಣಿಸಿಕೊಂಡರು. 2004ರಲ್ಲಿ ಆರಂಭವಾದ ಆರ್ಕುಟ್ 2014ರಲ್ಲಿ ಮುಚ್ಚಿತು. ಪ್ರತಿರೂಪಗಳ ಆ ಇಡೀ ಊರೇ ಇಲ್ಲವಾಯಿತು. ಕಲ್ಲಿನ ಕಿತ್ತಯ್ಯ ಉಳಿದಷ್ಟು ಅವು ಉಳಿಯಲಿಲ್ಲ.

ಪರಂಪರೆಯ ವೇಷವನ್ನು ಹೊಗಳುವಾಗ ಜಾನಪದ ವಿದ್ವಾಂಸರು ಮರೆಯಬಾರದ ಸಂಗತಿಯೊಂದಿದೆ. ತುಳುನಾಡಿನ ಭೂತಕೋಲದಲ್ಲಿ ನಲಿಕೆ, ಪರವ, ಪಂಬದ ಸಮುದಾಯದವರು ದೈವದ ರೂಪ ತಾಳಿದಾಗ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ, ನುಡಿಗೆ ತಲೆಬಾಗುತ್ತಾನೆ. ಅಣಿ ಇಳಿಸಿದ ಮರುಗಳಿಗೆಯಲ್ಲಿ ಹಳೆಯ ಶ್ರೇಣಿ ಹಿಂದಿರುಗುತ್ತದೆ. ಕಳಚುವ ಕ್ರಮ ಕಲೆಯ ಶಿಸ್ತು ಹೌದು. ಅದು ಕೆಲವರನ್ನು ಮತ್ತೆ ಅವರವರ 'ಜಾಗ'ಕ್ಕೆ ಕಳುಹಿಸುವ ಉಪಾಯವೂ ಹೌದು. ಬಾಡಿಗೆ ಮನೆ ಹುಡುಕುವವನಿಗೆ ಮುಂಗಡದ ಮೊತ್ತಕ್ಕೂ ಮೊದಲು 'ನೀವು ಯಾವ ಜನ?' ಎಂಬ ಪ್ರಶ್ನೆ ಎದುರಾಗುವ ನಗರದಲ್ಲಿ, ಊರ ಹೆಸರೂ ಕುಲದ ಗುರುತೂ ಇಲ್ಲದ ಅವತಾರವೊಂದನ್ನು ಕಳಚದೆ ಇರಬಯಸುವುದು ಸುಳ್ಳಲ್ಲ. ಅದು ಉಸಿರಾಡಲು ಮಾಡಿಕೊಂಡ ಕಿಂಡಿ. ಇಂಥವರ ಆದರ್ಶ ರೂಪವನ್ನು ಅಹಂಕಾರವೆಂದು ಓದುವ ವಿಮರ್ಶೆ ತನ್ನ ಗುರುತಿನಿಂದ ಎಂದೂ ತೊಂದರೆಪಡದವರ ವಿಮರ್ಶೆಯಾಗಿರುತ್ತದೆ.

ಹಾಗೆಂದು ಪರದೆ ಪೂರ್ಣ ಬಿಡುಗಡೆ ಕೊಡುತ್ತದೆಂದೂ ಹೇಳಲಾಗದು. ಜಾಲತಾಣಗಳು ಒದಗಿಸುವ ಅವತಾರಗಳು ಸಿದ್ಧ ಅಚ್ಚುಗಳಿಂದ ಹೊರಬಂದವು. ಯಕ್ಷಗಾನದಲ್ಲಿಯೂ ರಾಜವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷಗಳೆಂಬ ಅಚ್ಚುಗಳಿವೆ. ಆದರೆ ಅವುಗಳ ಒಳಗೆ ಕಲಾವಿದ ತನ್ನ ಮನೋಧರ್ಮವನ್ನು ತೋರಬಲ್ಲ. ಒಬ್ಬರ ಕೌರವ ಇನ್ನೊಬ್ಬರ ಕೌರವನಲ್ಲ. 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ತಮ್ಮ ಭಾವಚಿತ್ರಗಳನ್ನು ಜಪಾನಿನ ಜಿಬ್ಲಿ ಶೈಲಿಯ ಚಿತ್ರಗಳಾಗಿಸಿಕೊಳ್ಳುವ ಹುಮ್ಮಸ್ಸು ಎಲ್ಲೆಡೆ ಹಬ್ಬಿದಾಗ ಅಜ್ಜಿಯೂ ಮೊಮ್ಮಗಳೂ ಒಂದೇ ಬಗೆಯ ಕಣ್ಣು ಪಡೆದರು. ಆದರ್ಶವೆಂದು ತೊಟ್ಟದ್ದು ಯಾರದೋ ಆದರ್ಶ. ಜಾತ್ರೆಯ ಸ್ಟುಡಿಯೊದಲ್ಲಿ ರಟ್ಟಿನ ಕಾರಿನೊಳಗೆ ಕುಳಿತು ಚಿತ್ರ ತೆಗೆಸಿಕೊಂಡವನಿಗೆ ಕಾರು ರಟ್ಟಿನದೆಂಬ ಅರಿವಾದರೂ ಇತ್ತು.

6. ಕಂಠೀರವ ಸ್ಟುಡಿಯೊದ ಸಮಾಧಿಗಳು

ಯಶವಂತಪುರಕ್ಕೆ ಅನತಿ ದೂರದ ಕಂಠೀರವ ಸ್ಟುಡಿಯೊ ಆವರಣದಲ್ಲಿ 2006ರ ಏಪ್ರಿಲ್ 12ರಂದು ನಿಧನರಾದ ಡಾ. ರಾಜ್‌ಕುಮಾರ್ ಅವರ ಸಮಾಧಿಯಿದೆ. 2021ರ ಅಕ್ಟೋಬರ್ 29ರಂದು ನಿಧನರಾದ ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಪುನೀತ್ ನಿಧನದ ದಿನಗಳಲ್ಲಿ ಅಸಂಖ್ಯ ಕನ್ನಡಿಗರು ತಮ್ಮ ಮೊಬೈಲಿನ ಗುರುತುಚಿತ್ರವಾಗಿ ತಮ್ಮ ಮುಖವನ್ನು ತೆಗೆದು ಅವರ ಮುಖವನ್ನಿಟ್ಟರು. 'ಇದು ನಾನು' ಎಂದು ಹೇಳಬೇಕಾದ ಜಾಗದಲ್ಲಿ 'ಇವರು ಇದ್ದರು' ಎಂದು ಹೇಳಿದ ಆ ಚಿತ್ರ ಒಂದು ಬಗೆಯಲ್ಲಿ ಅಂಗೈ ಮೇಲಿನ ವೀರಗಲ್ಲು.

ಈ ಘಟನೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. ತಂದೆಯಂತೆ ಮಗನ ಕಣ್ಣುಗಳನ್ನೂ ದಾನ ಮಾಡಲಾಗಿತ್ತು. ಅವುಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಆನಂತರದ ದಿನಗಳಲ್ಲಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರ ಸಂಖ್ಯೆ ಗಣನೀಯವಾಗಿ ಏರಿತು. ಗುರುತುಚಿತ್ರ ಬದಲಿಸಿದವರೆಲ್ಲ ಕಣ್ಣು ಬರೆದುಕೊಟ್ಟರೆಂದು ಇದರ ಅರ್ಥವಲ್ಲ. ಆದರೆ ಆದರ್ಶ ರೂಪವೊಂದನ್ನು ತಮ್ಮದಾಗಿಸಿಕೊಂಡ ಸಮುದಾಯ ಆ ರೂಪಕ್ಕೆ ತಕ್ಕ ಕೃತ್ಯದತ್ತಲೂ ಹೊರಳಬಲ್ಲದೆಂಬುದಕ್ಕೆ ಇದು ನಿದರ್ಶನ. ವೇಷಕ್ಕೆ ತಕ್ಕಂತೆ ಕುಣಿಯಬೇಕೆಂಬ ನಾಣ್ಣುಡಿ ಇಲ್ಲಿ ಪರದೆಯಾಚೆಗೆ ದಾಟಿದೆ.

7. ಹೂವಿನ ಗಿಡವಾದ ಹುಡುಗಿ

ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, 1997ರಲ್ಲಿ ಅವರ ಮರಣೋತ್ತರ ಸಂಕಲನದ ಶೀರ್ಷಿಕೆಯಾದ ಜನಪದ ಕಥೆಯಲ್ಲಿ ಬಡವಿಯ ಮಗಳೊಬ್ಬಳು ಹೂವಿನ ಗಿಡವಾಗಬಲ್ಲಳು. ಅದಕ್ಕೊಂದು ಕಟ್ಟಳೆಯಿದೆ. ನೀರೆರೆಯುವವರು ಉಗುರು ತಾಗಿಸಬಾರದು, ಹೂವನ್ನು ಎಚ್ಚರದಿಂದ ಬಿಡಿಸಬೇಕು, ಮತ್ತೆ ನೀರೆರೆದು ಅವಳನ್ನು ಮನುಷ್ಯಳಾಗಿಸಬೇಕು. ಅಕ್ಕನ ಕೈಯಲ್ಲಿ ಅವಳು ಸುರಕ್ಷಿತಳು. ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು, ಅರೆಬರೆ ನೀರು ಚೆಲ್ಲಿ ಹೊರಟುಹೋದಾಗ ಅವಳು ಗಿಡವೂ ಅಲ್ಲದ, ಹೆಣ್ಣೂ ಅಲ್ಲದ, ಕೈಕಾಲಿಲ್ಲದ ಮೊಂಡು ದೇಹವಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆದಾಗಲೇ ಅವಳಿಗೆ ಮನುಷ್ಯರೂಪ ಮರಳುತ್ತದೆ.

ಅಂತರ್ಜಾಲದ ಅವತಾರವನ್ನು ಕುರಿತು ಈ ಕಥೆ ಹೇಳುವಷ್ಟನ್ನು ಹಿಂದೆ ಹೇಳಿದ ಪ್ರಯೋಗಗಳು ಹೇಳುವುದಿಲ್ಲ. ರೂಪ ಬದಲಿಸುವವರು ಬೇರೆಯವರ ಕೈಗೆ ತಮ್ಮನ್ನು ಒಪ್ಪಿಸಿಕೊಳ್ಳುತ್ತಾರೆ. ತಮ್ಮ ಅತ್ಯಂತ ಚೆಲುವಾದ ರೂಪವನ್ನು ಪರದೆಯ ಮೇಲಿಟ್ಟ ಹೆಣ್ಣುಮಕ್ಕಳ ಚಿತ್ರಗಳನ್ನು ಕದ್ದು, ತಿರುಚಿ, ಹರಿಬಿಡುವವರು ಆ ನಾದಿನಿಯ ಸಂತತಿಯೇ. ಅಂಥ ಸಂದರ್ಭದಲ್ಲಿ 'ಚಿತ್ರ ಏಕೆ ಹಾಕಿದೆ?' ಎಂದು ಕೇಳುವ ಸಮಾಜ, 'ನೀನು ಗಿಡವೇಕಾದೆ?' ಎಂದು ಕೇಳಿದಂತೆ. ಕಥೆ ಈ ಪ್ರಶ್ನೆಯನ್ನು ಎಲ್ಲಿಯೂ ಕೇಳುವುದಿಲ್ಲ. ಅದು ಕೇಳುವುದು ನೀರೆರೆಯುವ ಕೈಗಳನ್ನು ಕುರಿತು.

ಒಟ್ಟಿನಲ್ಲಿ, ವೀರಗಲ್ಲಿನಲ್ಲಿ ಕೃತ್ಯದ ಅನಂತರ ರೂಪ. ವೇಷದಲ್ಲಿ ಗೊತ್ತುಪಡಿಸಿದ ಹೊತ್ತಿನ ಮಟ್ಟಿಗೆ ರೂಪ. ಅಂತರ್ಜಾಲದಲ್ಲಿ ಕೃತ್ಯಕ್ಕೆ ಮುಂಚಿನ, ಕೊನೆಯಿಲ್ಲದ ರೂಪ. ಮೂರರಲ್ಲಿಯೂ ಮನುಷ್ಯನ ಆಸೆ ಒಂದೇ: ಇರುವುದಕ್ಕಿಂತ ತುಸು ಮಿಗಿಲಾಗಿ ಕಾಣುವುದು. ಈ ಆಸೆಯನ್ನು ನಮ್ಮ ಜನಪದರು ನಿಂದಿಸಲಿಲ್ಲ. ಅದಕ್ಕೆ ಚೌಕಿಯನ್ನೂ ಕನ್ನಡಿಯನ್ನೂ ಸಾಕ್ಷಿಗಳನ್ನೂ ಒದಗಿಸಿದರು. ಕೆಲವೊಮ್ಮೆ ಅದೇ ಕಟ್ಟಳೆಯಿಂದ ಕೆಲವರನ್ನು ಕಟ್ಟಿಯೂ ಹಾಕಿದರು. ಪರದೆಯ ಅವತಾರ ಆ ಕಟ್ಟನ್ನು ಸಡಿಲಿಸಿದೆ, ಜೊತೆಯಲ್ಲಿ ಸಾಕ್ಷಿಗಳನ್ನೂ ಕಳೆದುಕೊಂಡಿದೆ. ಕಟ್ಟಿಲ್ಲದ ಸಾಕ್ಷಿ ಸಾಧ್ಯವೇ ಎಂಬುದು ಈ ಕಾಲದ ಜಾನಪದ ಅಧ್ಯಯನದ ಮುಂದಿರುವ ಪ್ರಶ್ನೆ. ಹೆಬ್ಬಾಳದ ರಸ್ತೆಯಲ್ಲಿ ವಾಹನ ದಟ್ಟಣೆಯ ನಡುವೆ ಮೊಬೈಲಿನ ತಮ್ಮ ಚಿತ್ರವನ್ನು ತಿದ್ದಿಕೊಳ್ಳುತ್ತ ಸಾಗುವವರಿಗೂ, ಅಲ್ಲಿಯೇ ಕಲ್ಲಿನಲ್ಲಿ ನಿಂತಿರುವ ಕಿತ್ತಯ್ಯನಿಗೂ ಈ ಪ್ರಶ್ನೆ ಸಮಾನವಾಗಿ ಸಂಬಂಧಿಸಿದ್ದು.